ಮುತ್ತಿನ ಗಡ್ಡೆ

ಹೈದರಾಬಾದೆಂದರೆ ಮುತ್ತು. ಊರಿಂದ ಬಂದ ನೆಂಟರಿಗೆಲ್ಲ ಪತ್ಥರಗಟ್ಟಿಯ ಮುತ್ತಿನಂಗಡಿಗಳನ್ನು ತೋರಿಸುವುದು ನಮ್ಮ ಮನೆಯ ವಾಡಿಕೆ. ಮುತ್ತಿನ ಹೆಸರು ಹೊತ್ತ ರೋಗವೂ ಒಂದುಂಟೆಂದು ನಮಗೆ ತಿಳಿದದ್ದು, ಕಲಬುರಗಿಯಿಂದ ಅಕ್ಕ ಚಿಕಿತ್ಸೆಗೆಂದು ಬಂದ ಮೇಲೆ.

ಅವಳ ಮಿದುಳಿನ ಬುಡದಲ್ಲಿದ್ದ ಗಡ್ಡೆಯ ಹೆಸರು ಎಪಿಡರ್ಮಾಯ್ಡ್. ಗರ್ಭದಲ್ಲಿ ಶಿಶು ರೂಪುಗೊಳ್ಳುವಾಗ ಚರ್ಮದ ಕೆಲವು ಜೀವಕಣಗಳು ದಾರಿ ತಪ್ಪಿ ತಲೆಯೊಳಗೆ ಸಿಕ್ಕಿಕೊಳ್ಳುತ್ತವಂತೆ. ಅಲ್ಲಿಯೂ ಅವು ತಮ್ಮ ಕಸಬು ಬಿಡವು. ಮೈಮೇಲಿನ ಚರ್ಮದಂತೆಯೇ ಹೊಟ್ಟು ಉದುರಿಸುತ್ತಲೇ ಇರುತ್ತವೆ. ಹೊಟ್ಟು ಹೊರಬೀಳಲು ಹಾದಿಯೆಲ್ಲಿ? ವರ್ಷಗಟ್ಟಲೆ ಕೂಡಿ ಕೂಡಿ ಬೆಳ್ಳಗೆ ಹೊಳೆಯುವ ಚೀಲವಾಗುತ್ತದೆ. 1829ರಲ್ಲಿಯೇ ಫ್ರಾನ್ಸಿನ ಕ್ರುವೇಲ್ಯೇ ಎಂಬ ವೈದ್ಯರು ಇದನ್ನು ಮುತ್ತಿನ ಗಡ್ಡೆಯೆಂದು ಕರೆದಿದ್ದರು.

ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ಐದನೆಯ ದಿನ ಜ್ವರ ಬಂತು. ತಲೆ ಸಿಡಿಯಿತು, ಕುತ್ತಿಗೆ ಮರದಂತೆ ಬಿಗಿಯಿತು. ಮೆನಿಂಜೈಟಿಸ್ ಎಂದರು. ಆ ಮಾತು ನಮ್ಮ ಓಣಿಗೆ ಬರುವಷ್ಟರಲ್ಲಿ ತೆಲುಗಿನ ‘ಮೆದಡು ವಾಪು’ ಆಗಿತ್ತು. 1999ರಲ್ಲಿ ಆಂಧ್ರಪ್ರದೇಶದಲ್ಲಿ ಎಷ್ಟೋ ಮಕ್ಕಳನ್ನು ಕೊಂಡೊಯ್ದ ಜಪಾನೀಸ್ ಎನ್ಸೆಫಲೈಟಿಸ್ಸಿಗೆ ಇಲ್ಲಿಯವರು ಹೇಳುವ ಹೆಸರದು. ಅದು ಸೊಳ್ಳೆಯಿಂದ ಬರುವ ಬೇರೆಯೇ ರೋಗ. ಆದರೂ ಅಕ್ಕನ ಮಗಳೊಡನೆ ಆಡಲು ಬರುತ್ತಿದ್ದ ಮಕ್ಕಳು ಬರುವುದನ್ನು ಬಿಟ್ಟರು. ಹೆತ್ತವರ ಅಂಜಿಕೆ, ಅವರ ಮೇಲೆ ಸಿಟ್ಟು ಮಾಡುವುದು ಹೇಗೆ?

ಬೆನ್ನಿನಿಂದ ನೀರು ತೆಗೆದು ನೋಡಿದರು. ಬಿಳಿಯ ಕಣಗಳು ಹೆಚ್ಚಿದ್ದವು, ಸಕ್ಕರೆ ತಗ್ಗಿತ್ತು. ತೊಡಕು ಇರುವುದೇ ಇಲ್ಲಿ. ರೋಗಾಣು ಹೊಕ್ಕರೂ ಹೀಗೆಯೇ ಕಾಣುತ್ತದೆ. ಗಡ್ಡೆಯೊಳಗಿನ ಹೊಟ್ಟು, ಕೊಲೆಸ್ಟರಾಲಿನ ಹರಳು ಮಿದುಳಿನ ಸುತ್ತಲಿನ ನೀರಿಗೆ ಚೆಲ್ಲಿ ಅದರ ಪೊರೆಯನ್ನು ಕೆರಳಿಸಿದರೂ ಹೀಗೆಯೇ ಕಾಣಬಹುದು. ಎರಡನೆಯದನ್ನು ರಾಸಾಯನಿಕ ಮೆನಿಂಜೈಟಿಸ್ ಎನ್ನುತ್ತಾರೆ. ಕತ್ತರಿ ತಾಗದೆ ಚೀಲ ತಾನೇ ಒಡೆದರೂ ಅದು ಬರುವುದುಂಟು. ಒಂದಕ್ಕೆ ಆಂಟಿಬಯೋಟಿಕ್ ಬೇಕು, ಇನ್ನೊಂದಕ್ಕೆ ಸ್ಟೀರಾಯ್ಡ್. ನೀರನ್ನು ಕಲ್ಚರಿಗೆ ಇಟ್ಟು ರೋಗಾಣು ಬೆಳೆಯುವುದೋ ಇಲ್ಲವೋ ನೋಡಲು ಮೂರು ದಿನ ಬೇಕಿತ್ತು. ಅಷ್ಟು ದಿನ ಸುಮ್ಮನಿರುವ ಹಾಗಿರಲಿಲ್ಲ, ಎರಡನ್ನೂ ಕೊಟ್ಟರು.

ಆ ಮೂರು ದಿನ ನಾವು ಸರದಿಯ ಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತೆವು. ಭಾವ ಬುತ್ತಿಯ ಗಂಟು ಬಿಚ್ಚಲೇ ಇಲ್ಲ. ಮೂರನೆಯ ಸಂಜೆ ವರದಿ ಬಂತು: ಏನೂ ಬೆಳೆದಿಲ್ಲ. “ಹಂಗಾದ್ರ ಹೊರಗಿಂದು ಏನೂ ಹೊಕ್ಕಿಲ್ಲಲ್ಲಾ?” ಎಂದು ಭಾವ ನಮ್ಮನ್ನು ಎರಡು ಸಲ ಕೇಳಿದರು. ಆಂಟಿಬಯೋಟಿಕ್ ನಿಲ್ಲಿಸಿದರು. ಡೆಕ್ಸಾಮೆಥಾಸೋನನ್ನು ಮಾತ್ರ ದಿನದಿನಕ್ಕೆ ತಗ್ಗಿಸುತ್ತ ಕೊಟ್ಟರು. ವಾರದೊಳಗೆ ಅಕ್ಕ ಕತ್ತು ತಿರುಗಿಸಿ, ಮಗಳ ಜಡೆ ಯಾರು ಹೆಣೆದದ್ದೆಂದು ಕೇಳಿದಳು.

ಪಕ್ಕದ ಮನೆಯಾಕೆಗೆ ವರದಿಯ ಕಾಗದವನ್ನೇ ತೋರಿಸಿದೆವು. ಮರುದಿನ ಮಕ್ಕಳು ಬಂದರು.

ಚೀಲದ ಪೊರೆ ನರವೊಂದಕ್ಕೆ ಅಂಟಿತ್ತು. ಕೀಳಹೋದರೆ ನರಕ್ಕೆ ಪೆಟ್ಟಾದೀತೆಂದು ಅಷ್ಟನ್ನು ಅಲ್ಲಿಯೇ ಬಿಟ್ಟಿದ್ದಾರೆ. ಅದು ಮತ್ತೆ ಬೆಳೆಯುವುದೇ ಎಂದು ವರ್ಷಕ್ಕೊಮ್ಮೆ ಎಂ.ಆರ್.ಐ. ಮಾಡಿಸಿ ನೋಡಬೇಕು. ಮೊದಲನೆಯದು ಬರುವ ಶ್ರಾವಣದಲ್ಲಿ.