ಹಿಜಿಯಾಮದ ಕಲಾಮಂದಿರ

ಹಿರೋಷಿಮಾ ನಗರದ ಹಿಜಿಯಾಮ ಅಷ್ಟೇನೂ ಎತ್ತರದ ಗುಡ್ಡವಲ್ಲ. ಆದರೂ 1945ರ ಆಗಸ್ಟ್ 6ರಂದು ಅಣುಬಾಂಬು ಸಿಡಿದಾಗ ಅದು ಅಡ್ಡನಿಂತುದರಿಂದಲೇ ಬೆನ್ನಿಗಿದ್ದ ದಾನ್ಬಾರಾ ಬಡಾವಣೆ ಬಹುಮಟ್ಟಿಗೆ ಉಳಿದುಕೊಂಡಿತು. ಆ ಗುಡ್ಡದ ಮೇಲೆ ನಗರವು 1989ರಲ್ಲಿ ಸಮಕಾಲೀನ ಕಲೆಯ ಸಂಗ್ರಹಾಲಯವೊಂದನ್ನು ತೆರೆಯಿತು. ವಾಸ್ತುಶಿಲ್ಪಿ ಕಿಶೋ ಕುರೊಕಾವಾ ಅವರು ಕಟ್ಟಡದ ಬಹುಭಾಗವನ್ನು ನೆಲದೊಳಗೇ ಅಡಗಿಸಿದರು.

ಚಿತ್ರಶಾಲೆಗಳನ್ನು ಹೊಗುವ ಮುನ್ನ ಕಂಬಗಳಿಂದ ಸುತ್ತುವರಿದ ವರ್ತುಲಾಕಾರದ ಅಂಗಳವೊಂದು ಎದುರಾಗುತ್ತದೆ. ಅದರ ಚಾವಣಿ ಒಂದೆಡೆ ಕಡಿದುಹೋಗಿದೆ. ಕೆಲಸ ಅರ್ಧಕ್ಕೇ ನಿಂತಿತೇನೋ ಎಂದು ಹೊಸಬರಿಗೆ ಅನ್ನಿಸೀತು. ಆದರೆ ಆ ತೆರಪು ಬಾಂಬು ಸಿಡಿದ ದಿಕ್ಕಿಗೇ ಮುಖಮಾಡಿದೆ. ಕಂಬಗಳ ಬುಡದಲ್ಲಿರುವ ಕಲ್ಲುಗಳು ಅಂದಿನ ಉರಿಯನ್ನು ಉಂಡವು. ಒಳಗಿನ ನವ್ಯಕೃತಿಗಳ ಅರ್ಥಕ್ಕಾಗಿ ತಡಕಾಡುವ ನೋಡುಗನಿಗೂ ಈ ಬರಿಯ ತೆರಪಿನ ಅರ್ಥ ತಡವಾಗದು. ತಲೆಯೆತ್ತಿದರೆ ಅಲ್ಲಿ ಕಾಣುವುದು ತಿಳಿಯಾದ ಆಕಾಶ. ಅಂದು ಬೆಂಕಿ ಸುರಿದ ಆಕಾಶವೂ ಅದೇ.