ಗ್ಯಾಂಗ್‌ಮನ್ ಹೆಸರಿನ ಹೋಟೆಲು

“ತಾತ, ಕಾನ್ವೊಕೇಶನ್ ಮುಗಿದ ಮೇಲೆ ಎಲ್ಲರೂ ಡಿಪೋಗೆ ಊಟಕ್ಕೆ ಹೋಗೋಣ” ಎಂದು ಮೊಮ್ಮಗಳು ಅಮೆರಿಕದಿಂದ ಫೋನಿನಲ್ಲಿ ಹೇಳಿದಾಗ ನನಗೆ ಗಲಿಬಿಲಿಯಾಯಿತು. ಡಿಪೋ ಎಂದರೆ ನನಗೆ ಗೊತ್ತಿದ್ದದ್ದು ಎರಡೇ. ಒಂದು, ಸರ್ಕಾರಿ ಬಸ್ಸುಗಳು ರಾತ್ರಿ ತಂಗುವ ಬಸ್ ಡಿಪೋ. ಇನ್ನೊಂದು, ಚಿಕ್ಕಂದಿನಲ್ಲಿ ಡಬ್ಬ ಹಿಡಿದು ಸಾಲು ನಿಲ್ಲುತ್ತಿದ್ದ ಸೀಮೆಎಣ್ಣೆ ಡಿಪೋ. ಎರಡರಲ್ಲೂ ಊಟ ಸಿಗುವುದಿಲ್ಲ.

“ಅಯ್ಯೋ ತಾತ, ಇಲ್ಲಿ ರೈಲ್ವೆ ಸ್ಟೇಷನ್ನಿಗೆ ಡಿಪೋ ಅಂತಾರೆ. ಹಳೇ ಸ್ಟೇಷನ್ನನ್ನೇ ಹೋಟೆಲ್ ಮಾಡಿದ್ದಾರೆ. ನೀವೇ ಬಂದು ನೋಡಿ” ಎಂದಳು.

ಹೀಗೆ ನಾನು ಮತ್ತು ನಮ್ಮ ಮನೆಯವರು ವಸಂತನರಸಾಪುರದಿಂದ ಹೊರಟು, ಬೆಂಗಳೂರಿನಲ್ಲಿ ವಿಮಾನ ಹತ್ತಿ, ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬ ಊರಿಗೆ ಹೋದೆವು. ಅಲ್ಲಿರುವುದು ಮಿಷಿಗನ್ ವಿಶ್ವವಿದ್ಯಾಲಯ. 1817ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಶುರುವಾಗಿ 1837ರಲ್ಲಿ ಈ ಊರಿಗೆ ಬಂದದ್ದು. ಊರಿಗೂ ವಿಶ್ವವಿದ್ಯಾಲಯಕ್ಕೂ ನಡುವೆ ಗೋಡೆಯಿಲ್ಲ, ಗೇಟಿಲ್ಲ. ಎಲ್ಲಿ ಊರು ಮುಗಿಯಿತು, ಎಲ್ಲಿ ಕಾಲೇಜು ಶುರುವಾಯಿತು ಎಂದು ನನಗಂತೂ ತಿಳಿಯಲಿಲ್ಲ. ಪದವಿ ಪ್ರದಾನ ಅವರ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಅಷ್ಟು ಜನರ ನಡುವೆ ಕಪ್ಪು ಗೌನು ತೊಟ್ಟ ನಮ್ಮ ಹುಡುಗಿಯನ್ನು ಹುಡುಕುವುದೆಂದರೆ ರಾಗಿ ರಾಶಿಯಲ್ಲಿ ಸಾಸಿವೆ ಹುಡುಕಿದ ಹಾಗೆ. ಕೊನೆಗೂ ಕಾಣಲಿಲ್ಲ. ಕಂಡವರಿಗೆಲ್ಲ ಚಪ್ಪಾಳೆ ತಟ್ಟಿ ಬಂದೆವು.

ಸಂಜೆ ಡಿಪೋಗೆ ಹೋದೆವು. ವಿಶ್ವವಿದ್ಯಾಲಯ ಇರುವುದು ದಿಬ್ಬದ ಮೇಲೆ. ಕೆಳಗೆ ಹ್ಯೂರಾನ್ ನದಿ, ನದಿಯ ಪಕ್ಕದಲ್ಲಿ ರೈಲು ಹಳಿ, ಹಳಿಯ ಅಂಚಿಗೆ ಈ ಕಟ್ಟಡ. ಒರಟು ಕಲ್ಲಿನ ದಪ್ಪ ಗೋಡೆ, ಕಮಾನು ಬಾಗಿಲು, ಕಡಿದಾದ ಚಾವಣಿ. ಒಳಗೆ ಎತ್ತರದ ಮರದ ಮಾಳಿಗೆ, ಬಣ್ಣದ ಗಾಜಿನ ಕಿಟಕಿ, ಚಳಿ ಕಾಯಿಸುವ ಒಲೆಗೂಡು. ಮಿಷಿಗನ್ ಸೆಂಟ್ರಲ್ ಎಂಬ ರೈಲು ಕಂಪನಿ 1886ರಲ್ಲಿ ಕಟ್ಟಿಸಿದ್ದು ಇದು. ವಾಸ್ತುಶಿಲ್ಪಿಯ ಹೆಸರು ಫ್ರೆಡರಿಕ್ ಸ್ಪಿಯರ್. 1886 ಎಂದ ಕೂಡಲೇ ನನಗೆ ನಮ್ಮೂರೇ ನೆನಪಾಯಿತು. ಬೆಂಗಳೂರಿನಿಂದ ತುಮಕೂರಿಗೆ ಮೊದಲ ರೈಲು ಬಂದದ್ದು 1884ರಲ್ಲಿ. ಮೈಸೂರು ಮಹಾರಾಜರ ಸರ್ಕಾರ ಹಾಕಿಸಿದ ಮೀಟರ್ ಗೇಜ್ ಹಾದಿ ಅದು. ಅಂದರೆ ಈ ಸ್ಟೇಷನ್ ಏಳುವ ಹೊತ್ತಿಗೆ ನಮ್ಮಲ್ಲಿ ಆಗಲೇ ರೈಲು ಕೂಗುತ್ತಿತ್ತು!

ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಟ್ರಂಕು ಹೊತ್ತು ಇದೇ ಸ್ಟೇಷನ್ನಿನಲ್ಲಿ ಇಳಿದು ದಿಬ್ಬ ಹತ್ತಿದ್ದಾರೆ. ಆಮೇಲೆ ಕಾರುಗಳು ಬಂದವು, ವಿಮಾನಗಳು ಬಂದವು, ರೈಲು ಹತ್ತುವವರು ಕಡಿಮೆಯಾದರು. 1970ರಲ್ಲಿ ಚಕ್ ಮ್ಯೂರ್ ಎಂಬ ಹೋಟೆಲ್ ಉದ್ಯಮಿ ಈ ಕಟ್ಟಡ ಕೊಂಡು ಹೋಟೆಲ್ ಮಾಡಿದರು. ರೈಲು ಮಾತ್ರ ನಿಂತಿಲ್ಲ. ಪಕ್ಕದಲ್ಲೊಂದು ಚಿಕ್ಕ ಹೊಸ ಸ್ಟೇಷನ್ ಇದೆ, ಶಿಕಾಗೊ ಕಡೆಗೆ ಹೋಗುವ ಗಾಡಿ ಅಲ್ಲಿ ನಿಲ್ಲುತ್ತದೆ.

ಅಲ್ಲಿ ಮೀನಿನ ಅಡಿಗೆಯೇ ಪ್ರಧಾನ. ನಮ್ಮಂಥ ಸಸ್ಯಾಹಾರಿಗಳಿಗೆ ಬ್ರೆಡ್ಡು, ಸೊಪ್ಪು, ಆಲೂಗಡ್ಡೆ. ಆಲೂಗಡ್ಡೆ ತಿನ್ನುತ್ತಿದ್ದಾಗ ಕಿಟಕಿಯ ಗಾಜು ಸಣ್ಣಗೆ ನಡುಗಿತು. ಹೊರಗೆ ರೈಲು! ಪಕ್ಕದ ಮೇಜಿನ ಮಕ್ಕಳು ಕಿಟಕಿಗೆ ಓಡಿದರು. ಒಂದಿಬ್ಬರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮೊಮ್ಮಗಳು ನಕ್ಕಳು. ಆಗ ನಾನು ಊಟದ ಪಟ್ಟಿಯ ಮೇಲಿದ್ದ ಹೋಟೆಲಿನ ಹೆಸರನ್ನು ಅಕ್ಷರ ಕೂಡಿಸಿ ಓದಿದೆ. “ಗ್ಯಾಂಡಿ ಡ್ಯಾನ್ಸರ್. ಇದೇನಮ್ಮ, ಇಲ್ಲಿ ಡ್ಯಾನ್ಸೂ ಇದೆಯಾ?”

“ಇಲ್ಲ ತಾತ. ರೈಲು ಹಳಿ ರಿಪೇರಿ ಮಾಡೋ ಕೂಲಿಗಳಿಗೆ ಇಲ್ಲಿ ಹಿಂದೆ ಗ್ಯಾಂಡಿ ಡ್ಯಾನ್ಸರ್ ಅಂತಿದ್ದರಂತೆ. ಸಾಲಾಗಿ ನಿಂತು, ಹಳಿಯ ಅಡಿಗೆ ಕಬ್ಬಿಣದ ಹಾರೆ ಕೊಟ್ಟು, ಹಾಡು ಹೇಳ್ತಾ ತಾಳಕ್ಕೆ ಸರಿಯಾಗಿ ಎಲ್ಲರೂ ಒಟ್ಟಿಗೆ ಮೀಟೋರು. ದೂರದಿಂದ ನೋಡಿದರೆ ಕುಣಿದ ಹಾಗೆ ಕಾಣೋದು.”

ನಾನು ಕೈಯಲ್ಲಿದ್ದ ಮುಳ್ಳುಚಮಚ ಕೆಳಗಿಟ್ಟೆ. ಅವಳು ಹೇಳಿದ ಕುಣಿತವನ್ನು ನಾನು ಹುಡುಗನಾಗಿದ್ದಾಗ ದಿನಾ ನೋಡಿದ್ದೆ. “ಐಸಾ!” ಎಂದು ಒಬ್ಬರು ಕೂಗಿದರೆ ಹತ್ತು ಜನ ಒಟ್ಟಿಗೆ ಹಾರೆ ಮೀಟುತ್ತಿದ್ದರು. ಆ ಹತ್ತರಲ್ಲಿ ಒಬ್ಬರು ನಮ್ಮಪ್ಪ.

ಅಪ್ಪ ತುಮಕೂರು–ಗುಬ್ಬಿ ನಡುವಿನ ಹಾದಿಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಮೈಸೂರು ಸ್ಟೇಟ್ ರೈಲ್ವೆ ಇದ್ದಾಗ ಸೇರಿದವರು. 1951ರಲ್ಲಿ ಅದು ದಕ್ಷಿಣ ರೈಲ್ವೆಗೆ ಸೇರಿತು. ಬೋರ್ಡು ಬದಲಾಯಿತು, ಹಾರೆ ಬದಲಾಗಲಿಲ್ಲ. ಮಲ್ಲಸಂದ್ರದ ಹತ್ತಿರ ಗ್ಯಾಂಗ್ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ.

ಮಕ್ಕಳೇ, ಗ್ಯಾಂಗ್‌ಮನ್ ಕೆಲಸ ಎಂದರೇನು ಗೊತ್ತೆ? ರೈಲು ಓಡಿ ಓಡಿ ಹಳಿಯ ಕೆಳಗಿನ ಜಲ್ಲಿ ಕುಸಿಯುತ್ತದೆ, ಹಳಿ ಪಕ್ಕಕ್ಕೆ ಜರುಗುತ್ತದೆ. ಅದನ್ನು ಮೀಟಿ ಸರಿಮಾಡಿ, ಜಲ್ಲಿಯನ್ನು ಗಟ್ಟಿಯಾಗಿ ತುಂಬಬೇಕು. ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗುತ್ತದೆ, ಚಳಿಯಲ್ಲಿ ಕುಗ್ಗುತ್ತದೆ. ಅದಕ್ಕಾಗಿ ಆಗಿನ ಹಾದಿಯಲ್ಲಿ ಒಂದು ಹಳಿಗೂ ಇನ್ನೊಂದಕ್ಕೂ ನಡುವೆ ಸಣ್ಣ ಸಂದು ಬಿಡುತ್ತಿದ್ದರು. ರೈಲಿನ ‘ಟಕ ಟಕ, ಟಕ ಟಕ’ ಸದ್ದು ಆ ಸಂದುಗಳದೇ. ಗ್ಯಾಂಗಿನಲ್ಲಿ ಒಬ್ಬ ಕೀಮನ್ ಇರುತ್ತಾನೆ. ಹಳಿಯನ್ನು ಬಿಗಿಯಾಗಿ ಹಿಡಿದಿಡುವ ಬೆಣೆಗೆ ಕೀ ಎನ್ನುತ್ತಾರೆ. ಅವನು ದಿನವೂ ತನ್ನ ಪಾಲಿನ ಹಾದಿಯುದ್ದಕ್ಕೂ ನಡೆದು, ಸಡಿಲವಾದ ಬೆಣೆಯನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಕು. ಅಪ್ಪ ಕೊನೆಕೊನೆಗೆ ಕೀಮನ್ ಆದರು. ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಕೆಂಪು ಹಸಿರು ಬಾವುಟ, ಹೆಗಲಿನ ಚೀಲದಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಈರುಳ್ಳಿ. ಊಟ ಹೊಂಗೆ ಮರದ ನೆರಳಿನಲ್ಲಿ. ರೈಲಿನಲ್ಲಿ ಕೂತು ಹೋಗುವವರಿಗೆ ಅವರು ಒಂದು ಕ್ಷಣ ಕಂಡರೆ ಹೆಚ್ಚು.

ಆ ಸಂಬಳದಲ್ಲಿ ನನ್ನನ್ನು ಬಿ.ಕಾಂ. ಓದಿಸಿದರು. 1972ರಲ್ಲಿ ನಾನು ಬ್ಯಾಂಕಿನಲ್ಲಿ ಗುಮಾಸ್ತನಾದೆ. ಸೇರುವಾಗ ತುಂಬಿದ ಫಾರಂನಲ್ಲಿ ‘ತಂದೆಯ ಉದ್ಯೋಗ’ ಎಂಬ ಕಡೆ ‘ರೈಲ್ವೆ ನೌಕರ’ ಎಂದು ಬರೆದೆ. ಸುಳ್ಳಲ್ಲ. ಆದರೆ ಪೂರ್ತಿ ನಿಜವನ್ನೂ ಬರೆಯಲಿಲ್ಲ. ಸಹೋದ್ಯೋಗಿಗಳು ಸ್ಟೇಷನ್ ಮಾಸ್ಟರೋ, ಗಾರ್ಡೋ ಎಂದುಕೊಂಡರು. ನಾನು ಸುಮ್ಮನಿದ್ದೆ.

ಮೊದಲ ಸಂಬಳ ಬಂದ ವಾರ. ಜೊತೆಯವನೊಬ್ಬನಿಗೆ ಅರಸೀಕೆರೆಗೆ ವರ್ಗವಾಗಿತ್ತು. ಅವನನ್ನು ರೈಲು ಹತ್ತಿಸಲು ನಾವು ನಾಲ್ಕು ಜನ ತುಮಕೂರು ಸ್ಟೇಷನ್ನಿಗೆ ಹೋಗಿದ್ದೆವು. ಕ್ಯಾಂಟೀನಿನಲ್ಲಿ ಉದ್ದಿನವಡೆ, ಕಾಫಿ. ನನ್ನದೇ ಖರ್ಚು, ನನ್ನದೇ ಜೋರು. ಪ್ಲಾಟ್‌ಫಾರಂ ತುದಿಯಲ್ಲಿ ಗ್ಯಾಂಗಿನವರು ಜಲ್ಲಿ ತುಂಬುತ್ತಿದ್ದರು. ಅವರಲ್ಲೊಬ್ಬರು ಚೊಂಬು ಹಿಡಿದು ಕ್ಯಾಂಟೀನಿನ ಪಕ್ಕದ ನಲ್ಲಿಗೆ ಬಂದರು. ಅಪ್ಪ. ತಲೆಗೆ ಸುತ್ತಿದ್ದ ಟವೆಲ್ಲಿನಿಂದ ಮೊಣಕಾಲಿನವರೆಗೆ ಧೂಳು.

ನನ್ನನ್ನು ನೋಡಿದರು. ಅವರ ಮುಖ ಅರಳಿತು. ನಾನು ತಲೆ ತಗ್ಗಿಸಿ ಕಾಫಿ ಲೋಟದೊಳಗೆ ನೋಡಿದೆ.

ಮತ್ತೆ ತಲೆಯೆತ್ತಿದಾಗ ಅವರು ಬೆನ್ನು ತಿರುಗಿಸಿ ನಡೆಯುತ್ತಿದ್ದರು. ಚೊಂಬು ಖಾಲಿ. ನಲ್ಲಿಯಲ್ಲಿ ನೀರನ್ನೂ ಹಿಡಿದಿರಲಿಲ್ಲ.

ರಾತ್ರಿ ಮನೆಗೆ ಹೋಗಲು ಕಾಲು ಬರಲಿಲ್ಲ. ಬೈಗುಳಕ್ಕೆ ಸಿದ್ಧನಾಗಿಯೇ ಹೋದೆ. ಅಪ್ಪ ಜಗಲಿಯಲ್ಲಿ ಕೂತು ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು: “ಮಗಾ, ವಡೆ ಚೆನ್ನಾಗಿತ್ತಾ?”

“ಹೂಂ” ಎಂದೆ.

ಅಷ್ಟೇ. ಅದರ ಮಾತು ಮುಂದೆ ಎಂದೂ ಬರಲಿಲ್ಲ. ಅಪ್ಪ 1978ರಲ್ಲಿ ನಿವೃತ್ತರಾದರು, 1986ರಲ್ಲಿ ತೀರಿಕೊಂಡರು. ನಾನು ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಪೈಸೆ ಪೈಸೆಗೆ ಲೆಕ್ಕ ಹೊಂದಿಸಿದವನು. ಈ ಒಂದು ಲೆಕ್ಕ ಹೊಂದಲೇ ಇಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗೂ. ಸಾವಿರಾರು ಮೈಲಿ ದೂರದ ಆ ಸ್ಟೇಷನ್ನಿನಲ್ಲಿ ಮೊಮ್ಮಗಳಿಗೆ ಹೇಳಿದೆ. ಸುತ್ತಲೂ ಗೌನು ತೊಟ್ಟ ಮಕ್ಕಳು, ಹೂಗುಚ್ಛ ಹಿಡಿದ ತಂದೆತಾಯಿ. ಹೋಟೆಲಿನ ಹೆಸರು ಹಳಿ ಮೀಟುವವರದು, ಸರಿ. ಆದರೆ ಊಟದ ದರ ನೋಡಿದರೆ ಆ ಕಾಲದ ಕೂಲಿ ಇಲ್ಲಿ ಕೂತು ಉಣ್ಣುವ ಹಾಗಿರಲಿಲ್ಲ. ಆದರೂ ಅವರ ಹೆಸರನ್ನು ಬಾಗಿಲ ಮೇಲೆ ಬರೆದಿದ್ದಾರೆ. ನಾನು ಒಂದು ಫಾರಂನಲ್ಲಿ ಬರೆಯಲಿಲ್ಲ.

ಮೊಮ್ಮಗಳು ನನ್ನನ್ನು ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ತಾತ, ಅವರಿಗೆ ವಡೆ ಇಷ್ಟ ಇತ್ತಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಮೂವತ್ತಾರು ವರ್ಷ ಜೊತೆಗಿದ್ದ ಅಪ್ಪನಿಗೆ ವಡೆ ಇಷ್ಟವಿತ್ತೇ ಎಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದು ಹಳಿಯ ಬೇಲಿಯ ಹತ್ತಿರ ನಿಂತೆವು. ಅವಳು ಫೋನಿನಲ್ಲಿ ಹುಡುಕಿ ಹೇಳಿದಳು: ಅಮೆರಿಕದಲ್ಲಿ ಎರಡು ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ಅಪ್ಪನ ಮೀಟರ್ ಗೇಜಿನಲ್ಲಿ 1,000. 1990ರ ದಶಕದಲ್ಲಿ ನಮ್ಮ ಹಾದಿ ಬ್ರಾಡ್ ಗೇಜ್ ಆದ ಮೇಲೆ 1,676. “ಮುತ್ತಾತ ಇದ್ದಿದ್ದರೆ ಇದನ್ನೇ ಮೊದಲು ಕೇಳ್ತಿದ್ದರು ಅಲ್ವಾ?” ಎಂದಳು. ನಿಜ, ಅಪ್ಪ ಕಟ್ಟಡದ ಕಡೆ ನೋಡುತ್ತಲೇ ಇರಲಿಲ್ಲ. ನೇರ ಹಳಿಯ ಹತ್ತಿರ ಹೋಗಿ ಕೂತು, ಒಂದು ಕಣ್ಣು ಮುಚ್ಚಿ, ಅದು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ನೋಡುತ್ತಿದ್ದರು.

ಡಿಸೆಂಬರಿನಲ್ಲಿ ಅವಳು ಊರಿಗೆ ಬಂದಳು. ಬಂದ ಮೂರನೆಯ ದಿನವೇ “ತಾತ, ತುಮಕೂರು ಸ್ಟೇಷನ್ನಿಗೆ ಹೋಗೋಣ” ಎಂದಳು. ವಸಂತನರಸಾಪುರದಿಂದ ಬಸ್ಸು ಹಿಡಿದೆವು. ಒಂದು ಕಾಲಕ್ಕೆ ಹೊಲಗಳಿದ್ದ ಕಡೆ ಈಗ ಕಾರ್ಖಾನೆಗಳು, ಫುಡ್ ಪಾರ್ಕು, ಲಾರಿಗಳ ಸಾಲು. ತುಮಕೂರಿನಿಂದ ಶಿರಾ, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೊಸ ರೈಲು ಹಾದಿಯ ಕೆಲಸವೂ ನಡೆಯುತ್ತಿದೆ. ಅದಕ್ಕೂ ನಾಳೆ ಯಾರೋ ಹಾರೆ ಹಿಡಿಯಬೇಕು. ಈಗ ಅವರನ್ನು ಗ್ಯಾಂಗ್‌ಮನ್ ಎನ್ನುವುದಿಲ್ಲ, ಟ್ರ್ಯಾಕ್ ಮೇಂಟೇನರ್ ಎನ್ನುತ್ತಾರೆ.

ಸ್ಟೇಷನ್ನಿನಲ್ಲಿ ನನ್ನ ಕ್ಯಾಂಟೀನು ಇರಲಿಲ್ಲ, ಆ ನಲ್ಲಿಯೂ ಇರಲಿಲ್ಲ. ಈಗ ಜೋಡಿ ಹಳಿ, ಮೇಲೆ ಕರೆಂಟು ತಂತಿ. ಸ್ಟಾಲಿನಲ್ಲಿ ವಡೆ, ಕಾಫಿ ತೆಗೆದುಕೊಂಡೆವು. ಆಗ ಪ್ಲಾಟ್‌ಫಾರಂ ತುದಿಯಿಂದ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಒಬ್ಬರು ನಡೆದುಬಂದರು. ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಸುತ್ತಿದ ಬಾವುಟ. ಮೊಮ್ಮಗಳು ನನ್ನ ಮುಖ ನೋಡಿದಳು. ನಾನೇ ಎದ್ದು ಹೋದೆ.

“ಬನ್ನಿ ಸಾರ್, ಕೂತ್ಕೊಳ್ಳಿ. ಒಂದು ಕಾಫಿ ಕುಡೀರಿ.”

“ಡ್ಯೂಟಿ ಮೇಲಿದ್ದೀನಿ ಯಜಮಾನ್ರೇ, ಕೂತ್ರೆ ಲೇಟಾಗುತ್ತೆ” ಎಂದರು. ಆದರೂ ನಿಂತುಕೊಂಡೇ ಕಾಫಿ ಕುಡಿದರು. ವಡೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಲೋಟ ಕೆಳಗಿಡುತ್ತಾ, “ನೀವು ರೈಲ್ವೇಲಿ ಇದ್ರಾ?” ಎಂದು ಕೇಳಿದರು.

“ನಾನಲ್ಲ, ನಮ್ಮಪ್ಪ. ಗ್ಯಾಂಗ್‌ಮನ್ ಆಗಿದ್ದರು, ಆಮೇಲೆ ಕೀಮನ್” ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು. ಬೆಂಚಿನ ಮೇಲಿದ್ದ ಒಂದಿಬ್ಬರು ತಿರುಗಿ ನೋಡಿದರು.

“ಹೌದಾ! ಯಾವ ಗ್ಯಾಂಗು?”

“ಮಲ್ಲಸಂದ್ರದ್ದು” ಎಂದೆ.