ಕಾಕಾನ ಹಿಂದಿನ ಗೋಡೆ

2019ರ ಆಗಸ್ಟ್. ಮಲಪ್ರಭೆ ಉಕ್ಕಿ ಬಾದಾಮಿ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ನೀರು ಇಳಿದ ಮೇಲೆ ಕೆಸರು ತುಳಿದುಕೊಂಡು ಹೋಗಿ ಫೋಟೋ ತೆಗೆದು ತಂದೆವು. ನಾವು ಅಂದರೆ ಗಂಡ ಹೆಂಡತಿ ಇಬ್ಬರು. ಸುದ್ದಿ ಬರೆಯುವುದು ಒಬ್ಬರು, ಮನೆಯ ಕಂಪ್ಯೂಟರಿನಲ್ಲಿ ಫೋಟೋ ಜೋಡಿಸುವುದು ಇನ್ನೊಬ್ಬರು.

ಜೋಡಿಸಲು ನಮಗೆ ಪಿಕಾಸಾ ರೂಢಿ. 2016ರಲ್ಲೇ ಗೂಗಲ್ ಅದನ್ನು ನಿಲ್ಲಿಸಿದ್ದರೂ ನಮ್ಮ ಹಳೆ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆ ದಿನ ಒಬ್ಬ ಕಾಕಾ ಮೊಮ್ಮಗನನ್ನು ಎತ್ತಿಕೊಂಡು ಬಿದ್ದ ಮನೆ ಮುಂದೆ ನಿಂತ ಫೋಟೋ ಆರಿಸಿದೆವು. ಪೇಪರಿನಲ್ಲಿ ಜಾಗ ಕಡಿಮೆ, ಅದಕ್ಕೆ ಮನೆ ಬಿಟ್ಟು ಅವರಿಬ್ಬರನ್ನಷ್ಟೇ ಉಳಿಸಿ ಕತ್ತರಿಸಿದೆವು. ಮಗುವಿನ ಮುಖ ಮಸುಕು ಮಾಡಲು ಅದೇ ಫೋಟೋ ಗಿಂಪ್‌ನಲ್ಲಿ ತೆರೆದರೆ ಕತ್ತರಿಸದ ಪೂರ್ತಿ ಚಿತ್ರವೇ ಬಂತು!

ಕಾರಣ ಇಷ್ಟೇ. ಪಿಕಾಸಾ ಮೂಲ ಫೋಟೋ ಮುಟ್ಟುವುದಿಲ್ಲ. ನಾವು ಮಾಡಿದ ಬದಲಾವಣೆಯನ್ನು ಪಕ್ಕದಲ್ಲೊಂದು ಸಣ್ಣ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಗಿಂಪ್ ಓದುವುದಿಲ್ಲ. ಸುದ್ದಿ ಕಳಿಸುವ ಅವಸರದಲ್ಲಿ ಪಿಕಾಸಾದಲ್ಲಿ ಸೇವ್ ಒತ್ತಿದೆವು. ಆಗ ಗಿಂಪ್‌ಗೂ ಕತ್ತರಿಸಿದ್ದೇ ಕಂಡಿತು. ಕೆಲಸ ಮುಗೀತು, ಫೋಟೋ ಅಚ್ಚಾಯಿತು.

ದಸರೆಗೆ ಬೇರೆ ಕಂಪ್ಯೂಟರ್ ತಂದೆವು. ಕಂಡ ಫೋಟೋಗಳನ್ನೆಲ್ಲ ಆರಿಸಿ ಕಾಪಿ ಮಾಡಿ, ಹಳೆಯದನ್ನು ಅಟ್ಟಕ್ಕೆ ಹಾಕಿದೆವು. ಕ್ಯಾಮೆರಾದ ಕಾರ್ಡ್ ಯಾವಾಗಲೋ ಅಳಿಸಿಯಾಗಿತ್ತು.

ದೀಪಾವಳಿ ಹೊತ್ತಿಗೆ ಆ ಕಾಕಾ ಮನೆ ಹುಡುಕಿಕೊಂಡು ಬಂದರು. "ತಮ್ಮಾ, ಅವತ್ತ ತಗದ ಫೋಟೋದಾಗ ಹಿಂದಿನ ಗ್ವಾಡಿ ಬಿದ್ದದ್ದು ಐತೇನು?" ಅವರು ಮಣ್ಣು ತೆಗೆದು ತಾಡಪತ್ರಿ ಕಟ್ಟಿಕೊಂಡ ಮೇಲೆ ಸರ್ವೆಯವರು ಬಂದು, ನಿಂತಿದ್ದ ಮುಂದಿನ ಗೋಡೆ ನೋಡಿ 'ಸಿ' ವರ್ಗ ಅಂತ ಬರೆದುಕೊಂಡಿದ್ದರಂತೆ.

ಹುಡುಕಿದೆವು. ಎಲ್ಲ ಕಡೆ ಕತ್ತರಿಸಿದ ಫೋಟೋ ಮಾತ್ರ. ಕಾಕಾನ ಮುಖ ಇತ್ತು, ಮನೆ ಇರಲಿಲ್ಲ. ಅವರ ಕಷ್ಟ ಬರೆದೆವು ಅಂತ ಬೀಗಿದ್ದ ನಾವು ಅವರ ಸಾಕ್ಷಿಯನ್ನೇ ಕತ್ತರಿಸಿ ಬಿಸಾಕಿದ್ದೆವು. ಚಹಾ ಕೊಟ್ಟು ಕೂರಿಸಿದೆವು, ಮುಖ ನೋಡಿ ಮಾತಾಡಲು ಆಗಲಿಲ್ಲ.

ಆಗ ಒಂದು ನೆನಪಾಯಿತು. ಸೇವ್ ಒತ್ತಿದಾಗ ಪಿಕಾಸಾ ಮೂಲ ಪ್ರತಿಯನ್ನು 'ಪಿಕಾಸಾಒರಿಜಿನಲ್ಸ್' ಅನ್ನುವ ಅಡಗಿದ ಫೋಲ್ಡರಿನಲ್ಲಿ ಇಡುತ್ತದೆ. ಕಣ್ಣಿಗೆ ಕಾಣದ್ದನ್ನು ನಾವು ಕಾಪಿ ಮಾಡಿರಲಿಲ್ಲ. ಅಟ್ಟದಿಂದ ಹಳೆ ಕಂಪ್ಯೂಟರ್ ಇಳಿಸಿ, ಧೂಳು ಒರೆಸಿ, ಅಡಗಿದ ಫೈಲ್ ತೋರಿಸುವ ಆಯ್ಕೆ ಒತ್ತಿದೆವು. ಇತ್ತು! ಪೂರ್ತಿ ಚಿತ್ರ, ತೆಗೆದ ತಾರೀಖು ಸಮೇತ. ಹಿಂದಿನ ಗೋಡೆ ನೆಲಕ್ಕೆ ಕುಸಿದು ಬಿದ್ದದ್ದು ಸ್ಪಷ್ಟವಾಗಿತ್ತು.

ಪ್ರಿಂಟ್ ಹಾಕಿಸಿ ಕೊಟ್ಟೆವು. ಕಾಕಾ ಅದನ್ನು ಅರ್ಜಿಗೆ ಲಗತ್ತಿಸಿದರು, ಮತ್ತೊಮ್ಮೆ ಸರ್ವೆಗೆ ಜನ ಬಂದರು. ಎಲ್ಲರ ನಸೀಬಿನಲ್ಲೂ ಹೀಗೆ ಅಟ್ಟದ ಮೇಲೊಂದು ಪ್ರತಿ ಇರುವುದಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಕಟ್ಟಳೆ. ಕಾರ್ಡಿನಿಂದ ಬಂದ ಫೋಟೋ 'ಮೂಲ' ಅನ್ನುವ ಫೋಲ್ಡರಿಗೆ, ಅಲ್ಲಿ ಯಾರೂ ಕೈ ಹಾಕುವಂತಿಲ್ಲ. ತಿದ್ದುವುದೇನಿದ್ದರೂ ಪ್ರತಿ ಮಾಡಿಕೊಂಡು. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯುವಾಗ ಎಕ್ಸ್‌ಪೋರ್ಟ್ ಮಾಡಿ, ಬೇರೆ ಹೆಸರು ಕೊಟ್ಟು.

ಮೊಬೈಲ್ ಇರುವ ನೀವೂ ಅಷ್ಟೇ. ಬೆಳೆ ಹಾಳಾಗಲಿ, ಗೋಡೆ ಬೀಳಲಿ, ಫೋಟೋ ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಿರಿ. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಫೋಟೋ ಕುಗ್ಗುತ್ತದೆ, ಒಳಗಿನ ತಾರೀಖಿನ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಮೂಲದ್ದನ್ನು ಮಾತ್ರ ಅಳಿಸಬೇಡಿ.